ತೋಳಿನಿಂದ ತೋಳಿಗೆ ದಾಟಿ ಬಂದ ಲಸಿಕೆ

ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಬರೆದ ದೊಡ್ಡ ತೈಲಚಿತ್ರವೊಂದಿದೆ. ಅದರಲ್ಲಿ ಮೈತುಂಬ ಒಡವೆ ತೊಟ್ಟ ಮೂವರು ಹೆಂಗಸರಿದ್ದಾರೆ. ಬಲಗಡೆಯ ಎಳೆಯ ಹುಡುಗಿ ಸೆರಗನ್ನು ತುಸು ಸರಿಸಿ, ಬಲಗೈಯಿಂದ ತನ್ನ ಎಡ ತೋಳಿನ ಮೇಲ್ಭಾಗವನ್ನು ತೋರಿಸುವಂತೆ ನಿಂತಿದ್ದಾಳೆ. ಇವರು ನರ್ತಕಿಯರೋ ವೇಶ್ಯೆಯರೋ ಇರಬೇಕೆಂದು ಬಹುಕಾಲ ನಂಬಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆಯದೇ ವಾದ ಮುಂದಿಟ್ಟರು. ಅವರ ಪ್ರಕಾರ ಇವರು ಮೈಸೂರು ಅರಮನೆಯವರು. ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಆಗಿನ್ನೂ ಹನ್ನೆರಡರ ಆಸುಪಾಸು. ನಡುವೆ ನಿಂತವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿ. ಎಡಗಡೆಯಾಕೆ ಹಿರಿಯ ರಾಣಿ. ಕಿರಿಯ ರಾಣಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಹಾಗಿದ್ದರೆ ಈ ಚಿತ್ರ ಒಂದು ಜಾಹೀರಾತು.

ಹಿರಿಯ ರಾಣಿಯ ಮುಖವನ್ನೂ ಗಮನಿಸಬೇಕು. ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಜೆನ್ನರನ ಲಸಿಕೆಗೂ ಮುಂಚಿನ ಪದ್ಧತಿಯ ಗುರುತು ಅದು ಎನ್ನುತ್ತಾರೆ ಚಾನ್ಸೆಲರ್. ಸಿಡುಬಿನ ಹಕ್ಕಳೆಯನ್ನು ಒಣಗಿಸಿ, ಪುಡಿ ಮಾಡಿ, ಆರೋಗ್ಯವಂತರ ಮೂಗಿಗೆ ಊದುವುದೋ ಚರ್ಮದಲ್ಲಿ ಗೀರಿ ಸೇರಿಸುವುದೋ ಭಾರತ, ಚೀನಾ, ತುರ್ಕಿಗಳಲ್ಲಿ ಹಿಂದಿನಿಂದ ನಡೆದು ಬಂದಿತ್ತು. ಬಂಗಾಳದಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡ ಟೀಕಾದಾರರು ಇದ್ದರು. ತಾನಾಗಿ ಬಂದ ಸಿಡುಬು ನೂರರಲ್ಲಿ ಇಪ್ಪತ್ತು ಮೂವತ್ತು ಜನರನ್ನು ಕೊಂದರೆ, ಹೀಗೆ ಬರಿಸಿಕೊಂಡ ಸಿಡುಬು ಒಬ್ಬರನ್ನೋ ಇಬ್ಬರನ್ನೋ ಕೊಲ್ಲುತ್ತಿತ್ತು. ಲೆಕ್ಕದಲ್ಲಿ ಲಾಭವೇ. ಆದರೆ ಬರಿಸಿಕೊಂಡದ್ದೂ ಅಸಲಿ ಸಿಡುಬು, ಪಕ್ಕದ ಮನೆಗೂ ಹರಡಬಲ್ಲದು.

1796ರ ಮೇ 14ರಂದು ಇಂಗ್ಲೆಂಡಿನ ಬರ್ಕ್ಲಿಯಲ್ಲಿ ಎಡ್ವರ್ಡ್ ಜೆನ್ನರ್ ಮಾಡಿದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹಾಲು ಕರೆಯುವ ಸಾರಾ ನೆಲ್ಮ್ಸ್‌ಳ ಕೈಯಲ್ಲಿ ಎದ್ದಿದ್ದ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು, ತೋಟದ ಆಳಿನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಗೀರಿದ. ಹುಡುಗನಿಗೆ ಮುಂದೆ ಸಿಡುಬು ತಾಗಲಿಲ್ಲ. ಪಾಠ ಅಲ್ಲಿಗೆ ಮುಗಿಯುತ್ತದೆ. ನನಗೆ ಕುತೂಹಲ ಹುಟ್ಟುವುದು ಅದರ ನಂತರ. ಅದು ಫ್ರಿಜ್ ಇಲ್ಲದ, ಸೂಜಿಮದ್ದಿನ ಸೀಸೆ ಇಲ್ಲದ, ವೈರಸ್ ಎಂಬುದೊಂದಿದೆ ಎಂದೇ ಯಾರಿಗೂ ಗೊತ್ತಿಲ್ಲದ ಕಾಲ. ಗುಳ್ಳೆಯೊಳಗಿನ ಆ ಒಂದು ಹನಿ ತಿಂಗಳುಗಟ್ಟಲೆ ಹಡಗಿನಲ್ಲಿ ಸಮುದ್ರ ದಾಟಿದ್ದು ಹೇಗೆ?

ದಾರಕ್ಕೆ ಸವರಿ ಒಣಗಿಸಿದರು, ಗಾಜಿನ ಬಿಲ್ಲೆಗಳ ನಡುವೆ ಇಟ್ಟು ಅರಗಿನಿಂದ ಮುಚ್ಚಿದರು. ತಣ್ಣನೆಯ ಊರುಗಳ ನಡುವೆ ಇದು ಹೇಗೋ ನಡೆಯಿತು, ಬಿಸಿಲಿನ ದೇಶದ ದಾರಿಯಲ್ಲಿ ಹೆಚ್ಚಿನವು ಸತ್ತುಹೋದವು. ಅದು ಕೆಡದೆ ಉಳಿಯುತ್ತದೆಂದು ನೆಚ್ಚಬಹುದಾಗಿದ್ದುದು ಮನುಷ್ಯರ ಚರ್ಮವನ್ನು. ತೋಳಿಗೆ ಗೀರಿದ ಜಾಗದಲ್ಲಿ ಗುಳ್ಳೆ ಎದ್ದು, ಸುಮಾರು ಎಂಟನೇ ದಿನಕ್ಕೆ ತಿಳಿಯಾದ ರಸ ತುಂಬುತ್ತದೆ. ಅದನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಿದರೆ ಅಲ್ಲಿ ಮತ್ತೆ ಗುಳ್ಳೆ. ನಮ್ಮ ಮನೆಗಳಲ್ಲಿ ಹೆಪ್ಪು ಉಳಿಸಿಕೊಂಡು ಬಂದ ಹಾಗೇ ಇದು. ಆದರೆ ಇಲ್ಲೊಂದು ತೊಡಕಿದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಚುರುಕಾಗಿ ವೈರಸ್ಸನ್ನು ಅಳಿಸಿಹಾಕುತ್ತದೆ, ರಸ ಕದಡುತ್ತದೆ, ಗುಳ್ಳೆ ಹಕ್ಕಳೆಗಟ್ಟುತ್ತದೆ. ಮಗುವನ್ನು ಮುಂದೆ ಸಿಡುಬಿನಿಂದ ಕಾಯುವ ಆ ಶಕ್ತಿಯೇ ಲಸಿಕೆಯ ಸರಪಳಿಯನ್ನು ಕಡಿಯುವ ಕತ್ತರಿ. ಒಮ್ಮೆ ಬಳಸಿದ ತೋಳು ಮತ್ತೆ ಬಾರದು. ಸಿಡುಬು ಬಂದುಹೋದವರೂ ಬಾರರು. ಆ ಕಾಲದಲ್ಲಿ ಸಿಡುಬು ಮುಟ್ಟದೆ ದೊಡ್ಡವರಾದವರು ಎಷ್ಟು ಮಂದಿ? ಹಾಗಾಗಿ ಉಳಿದವರು ಮಕ್ಕಳು.

ಈ ಲೆಕ್ಕವನ್ನು ಕೊನೆಯವರೆಗೂ ನಡೆಸಿ ತೋರಿಸಿದವನು ಸ್ಪೇನಿನ ವೈದ್ಯ ಫ್ರಾನ್ಸಿಸ್ಕೊ ಹಾವಿಯೆರ್ ದ ಬಾಲ್ಮಿಸ್. ದೊರೆ ನಾಲ್ಕನೇ ಕಾರ್ಲೋಸ್ ತನ್ನ ಅಮೆರಿಕದ ವಸಾಹತುಗಳಿಗೆ ಲಸಿಕೆ ಕಳಿಸಲು ಹಣ ಕೊಟ್ಟ. 1803ರ ನವೆಂಬರ್ 30ರಂದು ‘ಮರಿಯಾ ಪಿಟಾ’ ಎಂಬ ಹಡಗು ಲಾ ಕೊರುನ್ಯಾ ಬಂದರನ್ನು ಬಿಟ್ಟಿತು. ಹಡಗಿನಲ್ಲಿ 22 ಹುಡುಗರು, ಹೆಚ್ಚಿನವರು ಅನಾಥಾಲಯದವರು, ಎಲ್ಲರೂ ಪುಟ್ಟವರು. ಅವರನ್ನು ನೋಡಿಕೊಳ್ಳಲು ಅನಾಥಾಲಯದ ಮೇಲ್ವಿಚಾರಕಿ ಇಸಬೆಲ್ ಸೆಂದಾಲ್ ಹೊರಟಳು. ಆ 22ರಲ್ಲಿ ಅವಳ ಮಗನೂ ಒಬ್ಬ.

ಬಾಲ್ಮಿಸ್ ಒಂಬತ್ತು ಹತ್ತು ದಿನಕ್ಕೊಮ್ಮೆ ಇಬ್ಬಿಬ್ಬರಿಗೆ ಲಸಿಕೆ ಹಾಕುತ್ತ ಹೋದ. ಒಬ್ಬನ ತೋಳಿನಲ್ಲಿ ಗುಳ್ಳೆ ಏಳದಿದ್ದರೆ ಇನ್ನೊಬ್ಬ ಇರಲಿ ಎಂದು ಜೋಡಿ. ಹನ್ನೊಂದು ಜೋಡಿ, ತಲಾ ಒಂಬತ್ತು ದಿನ ಎಂದರೆ ನೂರು ದಿನಗಳ ಬುತ್ತಿ. ಹುಡುಗರು ಗುಳ್ಳೆಯನ್ನು ಕೆರೆದುಕೊಳ್ಳದಂತೆ, ಒಬ್ಬರಿಗೊಬ್ಬರು ತಾಗದಂತೆ ಕಾಯಬೇಕಿತ್ತು. ಅಕಸ್ಮಾತ್ತಾಗಿ ಇನ್ನೊಬ್ಬನಿಗೆ ಅಂಟಿದರೆ ಒಂದು ಕೊಂಡಿ ವ್ಯರ್ಥ. ಬೆಳೆಯುವ ವಯಸ್ಸಿನ ಇಪ್ಪತ್ತೆರಡು ಗಂಡುಹುಡುಗರನ್ನು ಹಡಗಿನಲ್ಲಿ ಮುಟ್ಟಾಡಲು ಬಿಡದೆ ಹಿಡಿದಿಡುವುದು! ಈ ಯಾತ್ರೆಯ ಅತಿ ಕಷ್ಟದ ಕೆಲಸ ಇಸಬೆಲ್‌ಳದೇ ಎಂದು ನನಗೆ ಅನ್ನಿಸುತ್ತದೆ.

ಪೋರ್ಟೊರಿಕೊ ತಲುಪಿದಾಗ ಲಸಿಕೆ ಪಕ್ಕದ ದ್ವೀಪದಿಂದ ಅವರಿಗಿಂತ ಮೊದಲೇ ಅಲ್ಲಿಗೆ ಬಂದುಬಿಟ್ಟಿತ್ತು. ಬಾಲ್ಮಿಸ್ ಸಿಟ್ಟಾದ. ಅಲ್ಲಿಂದ ವೆನೆಜುವೆಲಾ ಕರಾವಳಿ ಮುಟ್ಟುವ ಹೊತ್ತಿಗೆ ಬಳಕೆಗೆ ಯೋಗ್ಯವಾದ ಗುಳ್ಳೆ ಉಳಿದಿದ್ದುದು ಒಬ್ಬನೇ ಹುಡುಗನ ತೋಳಿನಲ್ಲಿ. ಕ್ಯೂಬಾದಿಂದ ಮೆಕ್ಸಿಕೊಗೆ ಹೋಗಲು ಮಕ್ಕಳು ಸಿಗದೆ ಅವನು ಗುಲಾಮ ಹೆಣ್ಣುಗಳನ್ನು ದುಡ್ಡು ಕೊಟ್ಟು ಕೊಂಡ. ಈ ವಿವರವನ್ನು ಹೊಗಳಿಕೆಯ ಬರಹಗಳು ಬೇಗನೆ ದಾಟಿಬಿಡುತ್ತವೆ. 1805ರಲ್ಲಿ 26 ಮೆಕ್ಸಿಕನ್ ಹುಡುಗರೊಂದಿಗೆ ಪೆಸಿಫಿಕ್ ದಾಟಿ ಮನಿಲಾ ಸೇರಿದ. ಆ ಹಡಗಿನಲ್ಲಿ ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಿದ್ದರಿಂದ ಲಸಿಕೆ ತಾನಾಗಿಯೇ ಅಂಟಿ ಲೆಕ್ಕ ತಪ್ಪಿತೆಂದು ದೂರಿದ. ದಕ್ಷಿಣ ಅಮೆರಿಕದ ದಾರಿ ಹಿಡಿದಿದ್ದ ಅವನ ಜತೆಗಾರ ಹೊಸೆ ಸಾಲ್ವಾನಿ ಆಂಡೀಸ್ ಬೆಟ್ಟಗಳಲ್ಲಿ ಒಂದು ಕಣ್ಣು ಕಳೆದುಕೊಂಡು, 1810ರಲ್ಲಿ ಕೊಚಬಾಂಬಾದಲ್ಲಿ ತೀರಿಕೊಂಡ. ಇಸಬೆಲ್ ಸ್ಪೇನಿಗೆ ಮರಳಲೇ ಇಲ್ಲ.

ಭಾರತಕ್ಕೆ ಲಸಿಕೆ ಬಂದ ದಾರಿ ಬೇರೆ. ವಿಯೆನ್ನಾದ ವೈದ್ಯ ಜಾನ್ ದ ಕಾರೊ ಗಾಜಿನ ನಡುವೆ ಭದ್ರ ಮಾಡಿ ಕಳಿಸಿದ ರಸ 1802ರಲ್ಲಿ ಬಾಗ್ದಾದ್ ತಲುಪಿತು, ಜೀವವಿತ್ತು. ಅಲ್ಲಿಂದ ಬಸ್ರಾ. ಬಸ್ರಾದಿಂದ ಬೊಂಬಾಯಿಗೆ ಹಡಗು. ಬೊಂಬಾಯಿಯಲ್ಲಿ ಹಲವರಿಗೆ ಹಾಕಿ ನೋಡಿದರು. ಗುಳ್ಳೆ ಎದ್ದಿದ್ದು ಒಂದೇ ತೋಳಿನಲ್ಲಿ. ಜೂನ್ 14ರಂದು ಲಸಿಕೆ ಹಾಕಿಸಿಕೊಂಡ ಮೂರು ವರ್ಷದ ಆನಾ ಡಸ್ಟ್‌ಹಾಲ್, ಸೇವಕ ವರ್ಗದ ಮಗು. ಅವಳ ತೋಳಿನಿಂದ ಐದು ಮಕ್ಕಳಿಗೆ, ಅವರಿಂದ ಪುಣೆ, ಸೂರತ್, ಹೈದರಾಬಾದ್, ಮದ್ರಾಸಿಗೆ ಹರಡಿತು. ಅಂದು ಆ ಮಗು ಗುಳ್ಳೆಯನ್ನು ಕೆರೆದು ಒಡೆದುಕೊಂಡಿದ್ದರೆ ಮತ್ತೆ ವಿಯೆನ್ನಾಕ್ಕೆ ಪತ್ರ ಬರೆಯಬೇಕಿತ್ತು.

ಜನ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಬರೀ ಮೂಢನಂಬಿಕೆ ಕಾರಣವೆನ್ನಲಾಗದು. ಯಾರದೋ ಮೈಯ ಕೀವು ನಮ್ಮ ಮಗುವಿನ ರಕ್ತಕ್ಕೆ ಸೇರುತ್ತದೆ, ಆ ಯಾರೋ ಯಾವ ಜಾತಿಯವರೋ ಎಂಬ ಅಳುಕು ಒಂದು ಕಡೆ. ಟೀಕಾದಾರರ ಹೊಟ್ಟೆಪಾಡು ಇನ್ನೊಂದು ಕಡೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಹೂಡಿದ ಉಪಾಯವಂತೂ ಸ್ವಾರಸ್ಯವಾಗಿದೆ. ಮದ್ರಾಸಿನ ಎಫ್. ಡಬ್ಲ್ಯೂ. ಎಲ್ಲಿಸ್ ಲಸಿಕೆಯನ್ನು ಕೊಂಡಾಡುವ ಸಂಸ್ಕೃತ ಪದ್ಯವೊಂದನ್ನು ತಾನೇ ಕಟ್ಟಿ, ಹಳೆಯ ಕಾಗದದ ಮೇಲೆ ಬರೆಸಿ, ಎಲ್ಲೋ ಸಿಕ್ಕ ಪ್ರಾಚೀನ ಕೃತಿಯೆಂಬಂತೆ ಹರಿಬಿಟ್ಟನೆಂದು ಆ ಕಾಲದವರೇ ದಾಖಲಿಸಿದ್ದಾರೆ. ಕನ್ನಡ, ತಮಿಳು, ತೆಲುಗು ಒಂದೇ ಕುಟುಂಬದ ಭಾಷೆಗಳೆಂದು 1816ರಲ್ಲಿ ತೋರಿಸಿಕೊಟ್ಟ ಎಲ್ಲಿಸ್ ಈತನೇ. ಸೋಜಿಗವೆಂದರೆ, ಇಂಥ ಸೃಷ್ಟಿಗಳ ಬೆನ್ನು ಹತ್ತಿ ಜೆನ್ನರನಿಗೂ ಮೊದಲೇ ನಮ್ಮಲ್ಲಿ ಲಸಿಕೆ ಇತ್ತು ಎಂದು ವಾದಿಸುವವರು ಈಗಲೂ ಇದ್ದಾರೆ.

ಇಂಥ ಹೊತ್ತಿನಲ್ಲಿ ಮೈಸೂರು ಕಂಪನಿಗೆ ಒದಗಿಬಂತು. ಟಿಪ್ಪು ಬಿದ್ದು ಆರು ವರ್ಷವಾಗಿತ್ತು. ಒಡೆಯರನ್ನು ಮತ್ತೆ ಗದ್ದುಗೆಗೆ ಕೂರಿಸಿದವರು ಬ್ರಿಟಿಷರೇ, ದಿವಾನಗಿರಿ ಪೂರ್ಣಯ್ಯನವರದು. ಅರಮನೆಯ ರಾಣಿಯೇ ತೋಳೊಡ್ಡಿದ್ದು ಜನರ ಮೇಲೆ ಒಳ್ಳೆಯ ಪ್ರಭಾವ ಬೀರಿತೆಂದು 1806ರ ಜುಲೈನ ಒಂದು ದಾಖಲೆ ಹೇಳುತ್ತದೆ. ಇದರಲ್ಲಿ ರಾಜಕಾರಣ ಎಷ್ಟು, ಆರೋಗ್ಯದ ಕಾಳಜಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಿರಲಾರರು.

ಅಳುಕಿದವರ ಒಂದು ಭಯ ಮುಂದೆ ನಿಜವೇ ಆಯಿತು. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ತೋಳಿನಿಂದ ತೋಳಿಗೆ ಲಸಿಕೆ ಹಾಕಿಸಿಕೊಂಡ 63 ಮಕ್ಕಳಲ್ಲಿ 40ಕ್ಕೂ ಹೆಚ್ಚು ಮಂದಿಗೆ ಸಿಫಿಲಿಸ್ ಅಂಟಿತು. ರಸ ಕೊಟ್ಟ ಮಗುವಿನಲ್ಲಿ ಆ ರೋಗ ಮೊದಲೇ ಇತ್ತು. ಕರುಗಳ ಚರ್ಮದ ಮೇಲೆ ಲಸಿಕೆ ಬೆಳೆಸುವ ಇಟಲಿಯದೇ ಪದ್ಧತಿಗೆ ಆಮೇಲೆ ಬೇಡಿಕೆ ಹೆಚ್ಚಿತು. ಬ್ರಿಟನ್ 1898ರಲ್ಲಿ ತೋಳಿನ ಪದ್ಧತಿಯನ್ನೇ ನಿಷೇಧಿಸಿತು. ಬೆಳಗಾವಿಯವರಿಗೆ ಇಂದು ಮೈದಾನವಾಗಿ ಗೊತ್ತಿರುವ ‘ವ್ಯಾಕ್ಸಿನ್ ಡಿಪೋ’ ಆ ಹೆಸರು ಹೊತ್ತಿರುವುದು ಅಲ್ಲಿ ಇಂಥದೇ ಲಸಿಕೆ ತಯಾರಾಗುತ್ತಿದ್ದುದರಿಂದ. ನಮ್ಮ ಹಿರಿಯರು ‘ದಾಕು ಹಾಕಿಸಿಕೊಂಡದ್ದು’ ಎಂದು ತೋರಿಸುವ ದುಂಡನೆಯ ಕಲೆಗಳು ಕರುವಿನಿಂದ ಬಂದವು.

ಹಾಗಾದರೆ ಇಷ್ಟೆಲ್ಲ ತೋಳುಗಳನ್ನು ದಾಟಿ ಬಂದದ್ದು ಗೋಸಿಡುಬೇ? 20ನೇ ಶತಮಾನದಲ್ಲಿ ಪರೀಕ್ಷಿಸಿದಾಗ ಲಸಿಕೆಯ ವೈರಸ್ ಗೋಸಿಡುಬಿನದಲ್ಲ ಎಂದು ಗೊತ್ತಾಯಿತು. ಅದಕ್ಕೆ ವ್ಯಾಕ್ಸೀನಿಯಾ ಎಂಬ ಬೇರೆ ಹೆಸರಿಟ್ಟರು. 1902ರಲ್ಲಿ ಅಮೆರಿಕದಲ್ಲಿ ತಯಾರಾದ ಲಸಿಕೆಯೊಂದರ ಜೀನೋಮನ್ನು 2017ರಲ್ಲಿ ಪ್ರಕಟಿಸಿದಾಗ, ಅದರ ಮುಖ್ಯ ಭಾಗ ಕುದುರೆ ಸಿಡುಬಿನ ವೈರಸ್ಸನ್ನು ಬಹುಪಾಲು ಹೋಲುತ್ತಿತ್ತು. ಜೆನ್ನರನೂ ಇದನ್ನು ಊಹಿಸಿದ್ದ. ಕುದುರೆಯ ಕಾಲಿನ ಹುಣ್ಣು ತೊಳೆದ ಕೈಯಲ್ಲೇ ಆಳುಗಳು ಹಾಲು ಕರೆಯುವುದರಿಂದ ರೋಗ ಹಸುವಿಗೆ ಬರುತ್ತದೆ ಎಂದು 1798ರಲ್ಲೇ ಬರೆದಿದ್ದ, ಸಮಕಾಲೀನರು ನಕ್ಕಿದ್ದರು. ಸಾರಾ ಕರೆಯುತ್ತಿದ್ದ ಬ್ಲಾಸಮ್ ಎಂಬ ಹಸುವಿನ ಚರ್ಮವನ್ನು ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಕಾಲೇಜು ಜೋಪಾನವಾಗಿ ಇರಿಸಿಕೊಂಡಿದೆ. ಕುದುರೆಗಳ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.