ರೂಟ್ ಎಂದರೆ ಯಾವ ಬೇರು?

ಆಟಿಯ ಮಳೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಮಣಿಪಾಲದಿಂದ ಬಂದ ಅಕ್ಕನ ಮಗ ಜಗಲಿಯಲ್ಲಿ ಕುಳಿತವನೇ ಫೋನನ್ನು ನನ್ನ ಮುಂದೆ ಹಿಡಿದ. “ಮಾವ, ಕಂಪನಿಯವರು ಮೊದಲೇ ಹಾಕಿದ ಆ್ಯಪ್‌ಗಳನ್ನು ತೆಗೀಲಿಕ್ಕೇ ಆಗುದಿಲ್ಲ. ರೂಟ್ ಮಾಡಿಬಿಡುದಾ?” ಒತ್ತಿ ಹಿಡಿದರೆ ‘ಅನ್‌ಇನ್‌ಸ್ಟಾಲ್’ ಎಂಬ ಸಾಲೇ ಇಲ್ಲ. ‘ಡಿಸೇಬಲ್’ ಅಂತ ಉಂಟು, ಕೆಲವಕ್ಕೆ ಅದೂ ಇಲ್ಲ. ದುಡ್ಡು ಕೊಟ್ಟು ತಂದ ಫೋನು ನನ್ನದೋ ಅವರದ್ದೋ ಎಂಬ ಅವನ ಸಿಟ್ಟು ನ್ಯಾಯದ್ದೇ. ಆದರೂ ಮಾಡುವುದೋ ಬಿಡುವುದೋ ಎನ್ನುವ ಮೊದಲು ಆ ಪದದೊಳಗೆ ಎಂತ ಉಂಟು ಎಂದು ತಿಳಿದಿರಬೇಕು.

ರೂಟ್ ಎಂದರೆ ಬೇರು. ಬೇರು ಸಮೇತ ಕಿತ್ತು ಹಾಕುವುದು ಎಂದು ಅರ್ಥ ಮಾಡಿಕೊಂಡವರಿದ್ದಾರೆ, ಹಾಗಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಯುನಿಕ್ಸ್‌ನಲ್ಲಿ ಫೈಲುಗಳನ್ನು ಜೋಡಿಸುವುದು ತಲೆಕೆಳಗಾದ ಮರದ ಹಾಗೆ: ಬೇರು ಮೇಲೆ, ಕೊಂಬೆಗಳು ಕೆಳಗೆ. ಎಲ್ಲ ಫೋಲ್ಡರುಗಳೂ ಕವಲೊಡೆಯುವ ಆ ತುದಿಗೆ ರೂಟ್ ಎಂದು ಹೆಸರು. ಆ ಬೇರಿನಿಂದ ಹಿಡಿದು ಚಿಗುರಿನವರೆಗೆ ಏನನ್ನೂ ಮುಟ್ಟಬಲ್ಲ ಬಳಕೆದಾರನಿಗೂ ಅದೇ ಹೆಸರು. ಯಂತ್ರದ ಲೆಕ್ಕದಲ್ಲಿ ಅವನ ಸಂಖ್ಯೆ 0.

1991ರಲ್ಲಿ ಬಂದ ಅಂಥದ್ದೇ ತಂತ್ರಾಂಶ ಲಿನಕ್ಸ್ ಈ ಪದ್ಧತಿಯನ್ನೇ ಅನುಸರಿಸಿತು. 2008ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಂಡ್ರಾಯ್ಡ್ ಫೋನಿನಿಂದ ಇಂದಿನವರೆಗೂ ಒಳಗೆ ಓಡುತ್ತಿರುವುದು ಲಿನಕ್ಸ್‌ನ ತಿರುಳೇ. ಆದರೆ ಆಂಡ್ರಾಯ್ಡ್ ಒಂದು ಜಾಣತನ ಮಾಡಿತು. ನಾವು ಹಾಕಿಕೊಳ್ಳುವ ಒಂದೊಂದು ಆ್ಯಪನ್ನೂ ಒಬ್ಬೊಬ್ಬ ಬೇರೆ ಬಳಕೆದಾರನೆಂದು ಎಣಿಸಿ, 10000ದಿಂದ ಮೇಲಿನ ಸಂಖ್ಯೆ ಕೊಟ್ಟು, ಬೇರೆ ಬೇರೆ ಕೋಣೆಯಲ್ಲಿ ಇರಿಸಿತು. ಬ್ಯಾಂಕಿನ ಆ್ಯಪಿನ ಕೋಣೆಗೆ ಟಾರ್ಚಿನ ಆ್ಯಪು ಇಣುಕಲಾಗದು. ಎಲ್ಲ ಕೋಣೆಗಳ ಬೀಗದ ಕೈ ಇರುವುದು ಆ 0 ಸಂಖ್ಯೆಯವನ ಬಳಿ. ಫೋನು ಕೊಂಡವರಿಗೆ ಅದನ್ನು ಕೊಡುವುದಿಲ್ಲ. ಆ ಕೀಲಿಕೈಯನ್ನು ಪಡೆದುಕೊಳ್ಳುವುದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ.

ಅಳಿಯನಿಗೆ ನಾನು ಗೇಣಿಯ ಮಾತು ಹೇಳಿದೆ. ನಮ್ಮ ಜಿಲ್ಲೆಯಲ್ಲಿ ಚಾಲಗೇಣಿ, ಮೂಲಗೇಣಿ ಎಂದು ಎರಡಿತ್ತು. ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಮೂಲಗೇಣಿಯವನನ್ನು ಹಾಗೆ ಎಬ್ಬಿಸಲಾಗದು, ತಲೆಮಾರಿನಿಂದ ತಲೆಮಾರಿಗೆ ಅವನೇ ಅನುಭವಿಸುತ್ತ ಬರುತ್ತಾನೆ; ಆದರೂ ಒಡೆತನ ಧಣಿಯದ್ದೇ. ಫೋನಿನಲ್ಲಿ ನಮ್ಮದು ಮೂಲಗೇಣಿ. ರೂಟ್ ಮಾಡಿದ ದಿನ ಉಳುವವನೇ ಹೊಲದೊಡೆಯನಾಗುತ್ತಾನೆ. ಅಂದಿನಿಂದ ಕಟ್ಟಪುಣಿ ಒಡೆದರೂ, ಗದ್ದೆಗೆ ಹಂದಿ ನುಗ್ಗಿದರೂ ನೋಡಬೇಕಾದವನು ಅವನೇ.

ಕೀಲಿಕೈ ಸಿಗುವ ದಾರಿ ಬೂಟ್‌ಲೋಡರ್ ಮೂಲಕ. ಫೋನು ಆನ್ ಆಗುವಾಗ ಮೊದಲು ಎಚ್ಚರಗೊಳ್ಳುವುದು ಅದು. ಮುಂದಿನ ತಂತ್ರಾಂಶಕ್ಕೆ ಕಂಪನಿಯ ಸಹಿ ಉಂಟೋ ಎಂದು ಪರಿಶೀಲಿಸಿಯೇ ಒಳಗೆ ಬಿಡುತ್ತದೆ. ಈ ಕಾವಲುಗಾರನನ್ನು ಸಡಿಲಿಸಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ 7 ಸಲ ಒತ್ತಿ, ತೆರೆಯುವ ಡೆವಲಪರ್ ಪಟ್ಟಿಯಲ್ಲಿ ‘ಒಇಎಂ ಅನ್‌ಲಾಕಿಂಗ್’ ಒಪ್ಪಿಕೊಂಡು, ಕಂಪ್ಯೂಟರಿಗೆ ಕೇಬಲ್ ಜೋಡಿಸಿ ಅಲ್ಲಿಂದ ಅನ್‌ಲಾಕ್ ಆಜ್ಞೆ ಕೊಡಬೇಕು. ಕೆಲವು ಕಂಪನಿಗಳು ಈ ಅವಕಾಶವನ್ನೇ ಕೊಡುವುದಿಲ್ಲ. ಆಮೇಲೆ ಆ ಫೋನಿನದ್ದೇ ಬೂಟ್ ಇಮೇಜನ್ನು, ಅಂದರೆ ಫೋನನ್ನು ಶುರು ಮಾಡುವ ತಂತ್ರಾಂಶದ ಫೈಲನ್ನು, 2016ರಲ್ಲಿ ಬಂದ ಮ್ಯಾಜಿಸ್ಕ್‌ನಂಥ ಸಾಧನದಿಂದ ತಿದ್ದಿ ಫ್ಲ್ಯಾಶ್ ಮಾಡಬೇಕು, ಎಂದರೆ ಫೋನಿನೊಳಗೆ ಬರೆಯಬೇಕು. ಬೇರೆ ಆವೃತ್ತಿಯ ಇಮೇಜು ಹಾಕಿದರೆ ಫೋನು ಲೋಗೋದಲ್ಲೇ ನಿಂತುಬಿಡಬಹುದು.

ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದು ತಪ್ಪಲ್ಲ, ಬೇಕೆಂದೇ ಮಾಡಿದ ಏರ್ಪಾಡು: ಫೋನು ಕದ್ದವನು ಬೀಗ ಸಡಿಲಿಸಿದರೂ ನಮ್ಮ ಚಿತ್ರ, ಕಾಗದಪತ್ರ ಅವನ ಕೈಗೆ ಸಿಗಬಾರದು. ಹಿಂದೊಮ್ಮೆ ನನ್ನ ಫೋನನ್ನು ಅನ್‌ಲಾಕ್ ಮಾಡುವಾಗ ನನಗೆ ಇದು ಗೊತ್ತಿತ್ತು. ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ರೆಕಾರ್ಡರ್ ಆ್ಯಪಿನೊಳಗೆ ಅಜ್ಜಿ ನೇಜಿಯ ಹಾಡು ಹೇಳಿದ್ದು ಇತ್ತು. ನಡುವೆ ನಿಲ್ಲಿಸಿ ಉಸಿರೆಳೆದುಕೊಂಡು, “ಮುಂದಿನದ್ದು ಮರೆತುಹೋಯಿತು ಮಗಾ” ಎಂದು ನಕ್ಕದ್ದೂ ಅದರಲ್ಲಿತ್ತು. ಅದನ್ನು ತೆಗೆದಿಡಬೇಕೆಂದು ಹೊಳೆಯಲಿಲ್ಲ. ಅಜ್ಜಿ ಈಗ ಇಲ್ಲ. ರೂಟ್ ಬಗ್ಗೆ ಯಾರು ಕೇಳಿದರೂ ನಾನು ಬ್ಯಾಕಪ್‌ನ ಮಾತನ್ನೇ ಮೊದಲು ಎತ್ತುವುದು ಇದಕ್ಕಾಗಿ.

ಉಳಿದ ನಷ್ಟಗಳು ದಿನ ಬೆಳಗಾದರೆ ಎದುರಾಗುವಂಥವು. ಮಲ್ಪೆಯಲ್ಲಿ ಬಂಗುಡೆ ಕೊಂಡರೂ ಕ್ಯೂಆರ್ ಕೋಡಿಗೇ ಫೋನು ಹಿಡಿಯುವ ಕಾಲ ಇದು. ಬ್ಯಾಂಕಿನ, ಯುಪಿಐಯ ಹಲವು ಆ್ಯಪ್‌ಗಳು ಫೋನಿನ ಬೀಗ ಸಡಿಲವಾಗಿರುವುದನ್ನು ಕಂಡರೆ ತೆರೆಯಲು ಒಪ್ಪುವುದಿಲ್ಲ. ಅದನ್ನು ಮರೆಮಾಚುವ ಉಪಾಯಗಳಿದ್ದರೂ ಇವತ್ತು ನಡೆದದ್ದು ನಾಳೆ ನಡೆಯುವ ಭರವಸೆ ಇಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ನಾಕ್ಸ್ ಎಂಬ ಭದ್ರತಾ ಏರ್ಪಾಡಿನ ಒಂದು ಫ್ಯೂಸ್ ಸುಟ್ಟುಹೋಗುತ್ತದೆ. ಆಮೇಲೆ ಹಳೆಯ ತಂತ್ರಾಂಶವನ್ನೇ ಮರಳಿ ಹಾಕಿದರೂ ಆ ಗುರುತು ಮಾಸದು. ಅಪ್‌ಡೇಟ್‌ಗಳೂ ಮೊದಲಿನಂತೆ ತಾವಾಗಿ ಕೂರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಇದು: ರೂಟ್ ಅನುಮತಿ ಕೇಳುವ ಯಾವುದೋ ಆ್ಯಪಿಗೆ ನೀವು ‘ಆಗಲಿ’ ಎಂದು ಒತ್ತಿದರೆ, ಆ ಒಂದೇ ಒತ್ತಿನಿಂದ ಎಲ್ಲ ಕೋಣೆಗಳ ಬಾಗಿಲು ಅದಕ್ಕೆ ತೆರೆಯುತ್ತದೆ, ಒಟಿಪಿ ಬರುವ ಕೋಣೆಯೂ ಸೇರಿ. ಹೀಗಾಗಿ ದುಡ್ಡಿನ ವ್ಯವಹಾರ ನಡೆಸುವ ಫೋನನ್ನು ರೂಟ್ ಮಾಡಬಾರದೆಂದೇ ನನ್ನ ಖಚಿತ ಅಭಿಪ್ರಾಯ.

ಮೊಬೈಲ್ ಅಂಗಡಿಗಳ ಮಾತಿನಲ್ಲಿ ಮೂರು ಬೇರೆ ಸಂಗತಿಗಳು ‘ರೂಟ್’ ಎಂಬ ಒಂದೇ ಪದದಲ್ಲಿ ಬೆರೆತುಹೋಗುವುದುಂಟು. ಬೂಟ್‌ಲೋಡರ್ ಅನ್‌ಲಾಕ್ ಎಂದರೆ ಕಾವಲು ಸಡಿಲಿಸುವುದು. ಕಸ್ಟಮ್ ರಾಮ್ (ROM) ಎಂದರೆ ಇಡೀ ಆಂಡ್ರಾಯ್ಡನ್ನೇ ಬದಲಿಸುವುದು. ರೂಟ್ ಎಂದರೆ 0 ಸಂಖ್ಯೆಯ ಅಧಿಕಾರ. ಕಂಪನಿ ಕೈಬಿಟ್ಟ ಹಳೆಯ ಫೋನಿಗೆ ಲಿನಿಯೇಜ್‌ಓಎಸ್ ಎಂಬ ಕಸ್ಟಮ್ ರಾಮ್ ಹಾಕಲು ಬೂಟ್‌ಲೋಡರ್ ತೆರೆದರೆ ಸಾಕು, ರೂಟ್ ಬೇಕಾಗಿಲ್ಲ. ಜಾಹೀರಾತು ತಡೆಯಲು ಸೆಟ್ಟಿಂಗ್ಸ್‌ನಲ್ಲೇ ಇರುವ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಜಾಹೀರಾತು ತಡೆಯುವ ಸರ್ವರಿನ ಹೆಸರು ಹಾಕಿದರೆ ಬಹುಮಟ್ಟಿಗೆ ಸಾಕು. ಆದರೆ ಆ್ಯಪ್‌ಗಳ ಒಳಗಿನ ದತ್ತಾಂಶದ ಪೂರ್ತಿ ಪ್ರತಿ ತೆಗೆಯಬೇಕಾದರೆ, ಸಿಸ್ಟಮ್ ಹೇಗೆ ಓಡುತ್ತದೆಂದು ಒಳಹೊಕ್ಕು ಕಲಿಯಬೇಕಾದರೆ ರೂಟ್‌ಗೆ ಸಮನಾದದ್ದು ಬೇರೆ ಇಲ್ಲ.

ಅಳಿಯನಿಗೆ ಬೇಕಾದದ್ದು ಇದ್ಯಾವುದೂ ಅಲ್ಲ, ಬೇಡದ ಆ್ಯಪ್‌ಗಳನ್ನು ತೆಗೆಯುವುದಷ್ಟೇ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಎಂಬ ಸಾಧನದಲ್ಲಿ ಆಜ್ಞೆ ಕೊಟ್ಟು ಒಂದೊಂದಾಗಿ ತೆಗೆದೆವು. ಅವು ಸಿಸ್ಟಮ್ ಭಾಗದಲ್ಲಿ ಉಳಿದೇ ಇರುತ್ತವೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಮರಳಿ ಬರುತ್ತವೆ. ಆದರೆ ಕಣ್ಣಿಗೆ ಬೀಳುವುದಿಲ್ಲ, ಹಿಂಬದಿಯಲ್ಲಿ ಓಡುವುದೂ ಇಲ್ಲ. ಅವನ ಮುಖ ಇನ್ನೂ ಪೂರ್ತಿ ಅರಳಿರಲಿಲ್ಲ. ಕಪಾಟಿನಿಂದ ನನ್ನ ಹಳೆಯ ಫೋನು ತೆಗೆದುಕೊಟ್ಟೆ. ಸಿಮ್ ಇಲ್ಲ, ಬ್ಯಾಂಕಿಲ್ಲ, ಅಳಿಸಿಹೋಗಲು ಅದರಲ್ಲಿ ಇನ್ನೇನೂ ಉಳಿದಿಲ್ಲ.

ರಾತ್ರಿ ಊಟ ಮುಗಿಸಿ ಕುಳಿತವನು, ರೂಟ್ ಆದ ಆ ಹಳೆಯ ಫೋನಿನಲ್ಲಿ ಆಜ್ಞೆ ಬರೆಯುವ ಟರ್ಮಿನಲ್ ತೆರೆದು ‘ಎಸ್‌ಯು’ ಎಂಬ ಎರಡಕ್ಷರದ ಆಜ್ಞೆ ಕೊಟ್ಟ. ಅನುಮತಿಯ ಚೌಕ ಬಂತು, ಒತ್ತಿದ. ಸಾಲಿನ ಕೊನೆಯಲ್ಲಿದ್ದ, ಸಾಮಾನ್ಯ ಬಳಕೆದಾರನನ್ನು ಸೂಚಿಸುವ ಡಾಲರ್ ಗುರುತು ಹೋಗಿ ರೂಟ್‌ನ ಹ್ಯಾಶ್ ಗುರುತು ಕುಳಿತಿತು. ತಾನೀಗ ಯಾರೆಂದು ಯಂತ್ರವನ್ನೇ ಕೇಳುವ ‘ಐಡಿ’ ಆಜ್ಞೆ ಕೊಟ್ಟ.

“ಮಾವ, ಇಲ್ಲಿ ನೋಡಿ, ಸೊನ್ನೆ ಬಂತು!”