ವಿಮರ್ಶಕರು 93, ಆಟಗಾರರು 4: ದುಡ್ಡು ಹಾಕುವ ಮುನ್ನ ಯಾವುದನ್ನು ನಂಬಬೇಕು?

ಪ್ರಶ್ನೆ: ಮೆಟಾಕ್ರಿಟಿಕ್ ಜಾಲತಾಣದಲ್ಲಿ ಒಂದು ವಿಡಿಯೋ ಗೇಮ್‌ಗೆ ವಿಮರ್ಶಕರ ಅಂಕ ನೂರಕ್ಕೆ 93 ಎಂದಿರುತ್ತದೆ. ಪಕ್ಕದಲ್ಲೇ ಆಟಗಾರರ ಅಂಕ ಹತ್ತಕ್ಕೆ ನಾಲ್ಕನ್ನೂ ದಾಟಿರುವುದಿಲ್ಲ. ಆಟ ಕೊಳ್ಳುವವರು ಯಾವುದನ್ನು ನಂಬಬೇಕು?

ಉತ್ತರ: ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ಆ ಅಂಕ ಕೊಟ್ಟವರು ಆಟವನ್ನು ಯಾವ ಯಂತ್ರದಲ್ಲಿ ಆಡಿದರು, ಯಾವಾಗ ಆಡಿದರು, ನಿಜಕ್ಕೂ ಆಡಿದರೇ ಎಂಬುದನ್ನು ಮೊದಲು ನೋಡಿ. ಇಷ್ಟು ತಿಳಿದರೆ 93 ಏಕೆ ಬಂತು, 4 ಏಕೆ ಬಂತು ಎರಡೂ ಅರ್ಥವಾಗುತ್ತದೆ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 5ರ ಹೊಸ ದೊಡ್ಡ ಆಟವೊಂದಕ್ಕೆ ನಮ್ಮಲ್ಲಿ ಐದು ಸಾವಿರ ರೂಪಾಯಿಯ ಆಸುಪಾಸು ತೆರಬೇಕು. ಅಷ್ಟು ಹಣ ಕೊಡುವವರು ಅರ್ಧ ಗಂಟೆ ಓದಿಗೆ ಕೊಡುವುದು ಹೆಚ್ಚೇನಲ್ಲ.

ಮೊದಲು ವಿಮರ್ಶಕರ ಅಂಕ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ತಾನಾಗಿ ಯಾವ ಆಟವನ್ನೂ ವಿಮರ್ಶಿಸುವುದಿಲ್ಲ. ಬೇರೆ ಬೇರೆ ಪತ್ರಿಕೆ, ಜಾಲತಾಣಗಳು ಕೊಟ್ಟ ಅಂಕಗಳನ್ನು ನೂರರ ಅಳತೆಗೆ ತಂದು ಸರಾಸರಿ ತೆಗೆಯುತ್ತದೆ. ಎಲ್ಲರ ಅಂಕಕ್ಕೂ ಅಲ್ಲಿ ಒಂದೇ ತೂಕವಿಲ್ಲ. ಯಾರಿಗೆ ಎಷ್ಟು ತೂಕ ಎಂಬುದನ್ನು ಅದು ಬಹಿರಂಗಪಡಿಸುವುದೂ ಇಲ್ಲ. 2015ರಲ್ಲಿ ಬಂದ ಓಪನ್‌ಕ್ರಿಟಿಕ್ ತೂಕದ ಲೆಕ್ಕವನ್ನೇ ಬಿಟ್ಟು ನೇರ ಸರಾಸರಿ ಕೊಡುತ್ತದೆ, ಜೊತೆಗೆ ಶೇಕಡಾ ಎಷ್ಟು ವಿಮರ್ಶಕರು ಆಟವನ್ನು ಶಿಫಾರಸು ಮಾಡಿದ್ದಾರೆ ಎಂದೂ ತಿಳಿಸುತ್ತದೆ. ನನಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಅಂಕಿ.

ನೂರರ ಅಳತೆಗೆ ತರುವಾಗಲೇ ಒಂದು ತೊಡಕು ಹುಟ್ಟಿಕೊಳ್ಳುತ್ತದೆ. ಐದು ನಕ್ಷತ್ರಗಳ ಪದ್ಧತಿಯಲ್ಲಿ ಮೂರು ನಕ್ಷತ್ರ ಕೊಟ್ಟ ವಿಮರ್ಶಕ ‘ಕುಂದುಗಳಿವೆ, ಆದರೂ ಆಡಬಹುದು’ ಎಂದಿರುತ್ತಾನೆ. ಅದು ಮೆಟಾಕ್ರಿಟಿಕ್‌ಗೆ ಹೋಗುವ ಹೊತ್ತಿಗೆ 60 ಆಗುತ್ತದೆ. ಆಟಗಳ ಲೋಕದಲ್ಲಿ 60 ಎಂದರೆ ಜನ ಮೂಗು ಮುರಿಯುತ್ತಾರೆ. ಪರೀಕ್ಷೆಯಲ್ಲಿ 60 ಬಂದರೆ ಪ್ರಥಮ ದರ್ಜೆ ಎಂದು ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಅಲ್ಲಿನ ಲೆಕ್ಕವೇ ಬೇರೆ. ಮೆಟಾಕ್ರಿಟಿಕ್‌ನ ಬಣ್ಣಗಳನ್ನು ನೋಡಿ: ಸಿನಿಮಾಕ್ಕೆ 61 ಬಂದರೆ ಸಾಕು, ಹಸಿರು. ಆಟಕ್ಕೆ ಹಸಿರು ಬೇಕಾದರೆ 75 ಮುಟ್ಟಬೇಕು. ಒಂದೇ ಪುಟವಿನ್ಯಾಸ, ಒಂದೇ 70. ಸಿನಿಮಾದ ಪಕ್ಕದಲ್ಲಿ ಹಸಿರು, ಆಟದ ಪಕ್ಕದಲ್ಲಿ ಹಳದಿ. ಆಟಗಳಿಗೆ ಸಿಗುವ ಬಹುಪಾಲು ಅಂಕಗಳು 70ರಿಂದ 95ರ ನಡುವೆ ಇರುಕಿಕೊಂಡಿರುವುದರಿಂದ ಹೀಗಾಗಿದೆ. ತೀರಾ ಕಳಪೆ ಆಟಗಳನ್ನು ದೊಡ್ಡ ಪತ್ರಿಕೆಗಳು ಕೈಗೆತ್ತಿಕೊಳ್ಳುವುದೇ ಅಪರೂಪ. ಹಾಗಾಗಿ 2023ರಲ್ಲಿ ‘ಸ್ಟಾರ್‌ಫೀಲ್ಡ್’ಗೆ ಆಟಗಳ ಜಾಲತಾಣ ಐಜಿಎನ್ ಹತ್ತಕ್ಕೆ ಏಳು ಕೊಟ್ಟಾಗ ಅಭಿಮಾನಿಗಳು ಅದನ್ನು ಅವಮಾನವೆಂದೇ ತಿಳಿದರು. ವಿಮರ್ಶೆಯನ್ನು ಓದಿದರೆ ಅದು ಒಳ್ಳೆಯ ಆಟವೆಂದೇ ಬರೆದಿತ್ತು.

ಅಂಕಿಯನ್ನು ಮಾತ್ರ ನೋಡುವವರು ಎಷ್ಟು ನಷ್ಟಕ್ಕೆ ಸಿಲುಕಬಹುದು ಎಂಬುದಕ್ಕೆ ‘ಸೈಬರ್‌ಪಂಕ್ 2077’ಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ತಯಾರಿಸಿದ ಆ ಆಟ 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ವಿಮರ್ಶೆಗಳು ಮೂರು ದಿನ ಮುಂಚೆಯೇ ಹೊರಬಂದವು. ಸರಾಸರಿ 90ರ ಸುತ್ತ ಇತ್ತು. ಆದರೆ ಆ ವಿಮರ್ಶಕರೆಲ್ಲ ಆಡಿದ್ದು ಪಿಸಿ ಆವೃತ್ತಿಯನ್ನು. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗಳ ಆವೃತ್ತಿಯನ್ನು ಕಂಪನಿ ಅವರ ಕೈಗೆ ಕೊಟ್ಟಿರಲೇ ಇಲ್ಲ. ವಿಡಿಯೋ ವಿಮರ್ಶೆ ಮಾಡುವವರು ತಾವು ಆಡಿದಾಗ ಕಂಡ ದೃಶ್ಯಗಳನ್ನು ತೋರಿಸುವಂತಿರಲಿಲ್ಲ, ಕಂಪನಿ ಒದಗಿಸಿದ ದೃಶ್ಯಗಳನ್ನೇ ಬಳಸಬೇಕಿತ್ತು. ಹಲವು ವಿಮರ್ಶಕರು ಈ ಷರತ್ತನ್ನು ತಮ್ಮ ಬರಹದಲ್ಲೇ ತಿಳಿಸಿದ್ದರು. ಅಂಕಿಯನ್ನಷ್ಟೇ ನೋಡಿ ಮುಂಗಡ ಹಣ ಕಟ್ಟಿದವರಿಗೆ ಆ ಸಾಲುಗಳು ಕಣ್ಣಿಗೆ ಬೀಳಲೇ ಇಲ್ಲ.

ಬಿಡುಗಡೆಯ ದಿನ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಟ ಹಾಕಿದವರ ಎದುರು ಬೇರೆಯೇ ಆಟವಿತ್ತು. ಪಾತ್ರಗಳ ಮುಖ ಮಸುಕು, ಗೋಡೆಗಳ ಮೇಲಿನ ಚಿತ್ರಗಳು ತೆರೆದುಕೊಳ್ಳಲು ತಡ, ಬೀದಿಯಲ್ಲಿ ಗಾಡಿ ಓಡಿಸಿದರೆ ಪರದೆ ಮುಗ್ಗರಿಸುವುದು, ನಡುವೆ ಆಟವೇ ನಿಂತು ಹೋಗುವುದು. ಒಂದು ವಾರದಲ್ಲಿ ಸೋನಿ ಆ ಆಟವನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು ಹಾಕಿ, ಹಣ ಹಿಂತಿರುಗಿಸಲು ಒಪ್ಪಿತು. ಅದು ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಈಗ ಮೆಟಾಕ್ರಿಟಿಕ್‌ನಲ್ಲಿ ಪಿಸಿ ಆವೃತ್ತಿಗೆ 86, ಪ್ಲೇಸ್ಟೇಷನ್ 4ರ ಆವೃತ್ತಿಗೆ 60ಕ್ಕೂ ಕಡಿಮೆ ಎಂದು ಕಾಣುತ್ತದೆ. ಎರಡೂ ನಿಜ. ಹೆಸರೊಂದೇ ಆದರೂ ಮಾರಿದ್ದು ಎರಡು ವಸ್ತುಗಳನ್ನು. ತಪ್ಪು ಕಂಪನಿಯದ್ದು, ಅದರಲ್ಲಿ ನನಗೆ ಅನುಮಾನವಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಅಪ್‌ಡೇಟ್ ಆ ಆಟದ ಎಷ್ಟೋ ಭಾಗಗಳನ್ನು ಹೊಸದಾಗಿ ಕಟ್ಟಿತು. ಈಗ ಕೊಳ್ಳುವವರಿಗೆ ಸಿಗುವುದು 2020ರ ಆಟವಲ್ಲ. ಅಂಕ ಮಾತ್ರ 2020ರದ್ದೇ, ಏಕೆಂದರೆ ಒಬ್ಬ ವಿಮರ್ಶಕ ಮೊದಲು ಕೊಟ್ಟ ಅಂಕವನ್ನೇ ಮೆಟಾಕ್ರಿಟಿಕ್ ಉಳಿಸಿಕೊಳ್ಳುತ್ತದೆ, ಆಮೇಲೆ ತಿದ್ದುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. 2019ರಲ್ಲಿ ‘ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ ಫ್ಯೂಯೆಲ್ಡ್’ ವಿಮರ್ಶಕರಿಂದ ಒಳ್ಳೆಯ ಅಂಕ ಪಡೆಯಿತು. ಆಟದೊಳಗೆ ನಿಜವಾದ ಹಣ ಕೊಟ್ಟು ನಾಣ್ಯ ಕೊಳ್ಳುವ ವ್ಯವಸ್ಥೆ ಬಂದದ್ದು ಬಿಡುಗಡೆಯಾಗಿ ವಾರಗಳು ಕಳೆದ ಮೇಲೆ, ವಿಮರ್ಶೆಗಳೆಲ್ಲ ಮುಗಿದ ನಂತರ. ಮಕ್ಕಳಿಗೆ ಆಟ ಕೊಡಿಸುವ ಪೋಷಕರು ಇದನ್ನು ಮುಖ್ಯವಾಗಿ ಗಮನಿಸಬೇಕು.

ವಿಮರ್ಶಕರು ದುಡ್ಡು ತಿಂದು ಬರೆಯುತ್ತಾರೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಜಾಹೀರಾತಿನ ಒತ್ತಡ ಇಲ್ಲವೆಂದೂ ಹೇಳಲಾರೆ: 2007ರಲ್ಲಿ ‘ಕೇನ್ ಆ್ಯಂಡ್ ಲಿಂಚ್’ ಆಟಕ್ಕೆ ಹತ್ತಕ್ಕೆ ಆರು ಕೊಟ್ಟ ಜೆಫ್ ಗರ್ಸ್ಟ್‌ಮನ್‌ರನ್ನು ಗೇಮ್‌ಸ್ಪಾಟ್ ಕೆಲಸದಿಂದ ತೆಗೆಯಿತು, ಅದೇ ಜಾಲತಾಣದ ಮೇಲೆ ಆಗ ಆ ಆಟದ ಜಾಹೀರಾತುಗಳಿದ್ದವು. ಜಾಹೀರಾತಿನ ಒತ್ತಡವೇ ಕಾರಣವೆಂಬುದನ್ನು 2012ರಲ್ಲಿ ಗರ್ಸ್ಟ್‌ಮನ್ ಬಹಿರಂಗವಾಗಿ ವಿವರಿಸಿದರು. ಆದರೆ ದಿನನಿತ್ಯದ ಸಮಸ್ಯೆ ಹಣದ್ದಲ್ಲ, ಸಮಯದ್ದು. ನೂರು ಗಂಟೆ ಹಿಡಿಯುವ ಆಟವನ್ನು ಕೆಲವೇ ದಿನಗಳಲ್ಲಿ ಮುಗಿಸಿ ಬರೆಯಬೇಕು. 2023ರ ‘ಬಾಲ್ಡರ್ಸ್ ಗೇಟ್ 3’ ವಿಮರ್ಶಕರಿಗೆ ಸಿಕ್ಕಿದ್ದೇ ಬಿಡುಗಡೆಗೆ ಕೆಲವು ದಿನ ಇರುವಾಗ. ಹಲವರು ಮೊದಲು ಅಪೂರ್ಣ ವಿಮರ್ಶೆ ಪ್ರಕಟಿಸಿ, ಅಂಕವನ್ನು ತಡವಾಗಿ ಕೊಟ್ಟರು. ಅದು ಪ್ರಾಮಾಣಿಕ ನಡೆ, ಓದುಗರು ಅಂಥವರನ್ನು ಗುರುತಿಟ್ಟುಕೊಳ್ಳಬೇಕು.

ಇನ್ನು ಆಟಗಾರರ ಅಂಕ. ನೀವು ಕೇಳಿದ 93 ಮತ್ತು 4ರ ಅಂತರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಂದಾಗ ಕಂಡದ್ದೇ. 2020ರ ಜೂನ್ 19ರಂದು ಬಿಡುಗಡೆಯಾದ ಆ ಆಟ ಮುಗಿಯಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟು ಗಂಟೆ ಕಳೆಯುವ ಮೊದಲೇ ಸಾವಿರಾರು ಸೊನ್ನೆಗಳು ಬಂದು ಬಿದ್ದಿದ್ದವು. ಏಪ್ರಿಲ್ ಕೊನೆಯಲ್ಲೇ ಕಥೆ ಸೋರಿಕೆಯಾಗಿತ್ತು. ಬಹಳ ಜನ ಸಿಟ್ಟಾಗಿದ್ದು ಆಟವನ್ನು ನೋಡಿಯಲ್ಲ, ಸೋರಿದ ಸುದ್ದಿಯನ್ನು ಓದಿ. ಮರುತಿಂಗಳು ಮೆಟಾಕ್ರಿಟಿಕ್ ಹೊಸ ನಿಯಮ ತಂದಿತು: ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಹಾಕುವಂತಿಲ್ಲ. ಆದರೂ ಅಂಕ ಹಾಕುವವರು ಆಟವನ್ನು ಕೊಂಡಿದ್ದಾರೆಯೇ ಎಂದು ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಹಾಗಾಗಿ ಮೆಟಾಕ್ರಿಟಿಕ್‌ನ ಬಳಕೆದಾರರ ಅಂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಂಪು ಕಟ್ಟಿಕೊಂಡು ಅಂಕ ಬೀಳಿಸುವ ಈ ಕಾಟ ನಮಗೂ ಹೊಸದಲ್ಲ. ಬುಕ್‌ಮೈಶೋನಲ್ಲಿ ರೇಟಿಂಗ್ ಕಾಣಿಸದಂತೆ ನ್ಯಾಯಾಲಯದಿಂದ ಆದೇಶ ತಂದ ಕನ್ನಡ ಚಿತ್ರ ನಿರ್ಮಾಪಕರಿದ್ದಾರೆ. ಬಾಯಿ ಮುಚ್ಚಿಸುವುದಕ್ಕಿಂತ ಟಿಕೆಟ್ ಕೊಂಡವರು ಯಾರೆಂದು ತೋರಿಸುವುದು ಒಳ್ಳೆಯ ದಾರಿ.

ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ಆ ದಾರಿಯನ್ನೇ ಹಿಡಿದಿದೆ. ಅಲ್ಲಿ ಅಂಕವಿಲ್ಲ, ಶಿಫಾರಸು ಮಾಡುತ್ತೀರೋ ಇಲ್ಲವೋ ಅಷ್ಟೇ. ಪ್ರತಿ ಅಭಿಪ್ರಾಯದ ಜೊತೆ ಆ ವ್ಯಕ್ತಿ ಎಷ್ಟು ಗಂಟೆ ಆಡಿದ್ದಾನೆ ಎಂಬುದೂ ಕಾಣುತ್ತದೆ. ಅಭಿಪ್ರಾಯಗಳ ಮೇಲೆ ದಿನಾಂಕವಾರು ನಕ್ಷೆಯೊಂದಿದೆ. ನೀಲಿ ಕಂಬ ಮೇಲಕ್ಕೆ, ಕೆಂಪು ಕಂಬ ಕೆಳಕ್ಕೆ. ‘ಹೆಲ್‌ಡೈವರ್ಸ್ 2’ರ ನಕ್ಷೆಯಲ್ಲಿ 2024ರ ಮೇ ತಿಂಗಳ ಆರಂಭಕ್ಕೆ ಬಂದರೆ ಕೆಂಪು ಕಂಬ ಪಾತಾಳಕ್ಕೆ ಇಳಿದಂತಿದೆ. ಆಟ ಕೆಟ್ಟಿರಲಿಲ್ಲ. ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕೆಂದು ಆಟವನ್ನು ಪ್ರಕಟಿಸಿದ ಸೋನಿ ಹೇಳಿತ್ತು, ಆ ಖಾತೆ ತೆರೆಯಲು ಅವಕಾಶವೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿತ್ತು. ಎರಡು ಲಕ್ಷಕ್ಕೂ ಹೆಚ್ಚು ಋಣಾತ್ಮಕ ಅಭಿಪ್ರಾಯಗಳು ಬಿದ್ದ ಮೇಲೆ ಸೋನಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಆಟ ಹೇಗಿದೆ ಎಂದು ತಿಳಿಯಲು ಬಂದವರಿಗೆ ಅದು ಏನನ್ನೂ ಹೇಳುವುದಿಲ್ಲ.

2025ರ ಫೆಬ್ರುವರಿಯಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ನ ಕೆಂಪು ಕಂಬಗಳು ಬೇರೆ ಜಾತಿಯವು. ವಿಮರ್ಶಕರ ಸರಾಸರಿ 90ರ ಸಮೀಪವಿದ್ದಾಗಲೂ ಸ್ಟೀಮ್‌ನಲ್ಲಿ ಮಿಶ್ರ ಅಭಿಪ್ರಾಯವಿತ್ತು. ಓದಿದರೆ ಮತ್ತೆ ಮತ್ತೆ ಒಂದೇ ದೂರು: ಪಿಸಿಯಲ್ಲಿ ಆಟ ತೆವಳುತ್ತದೆ. ಮೂರು ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಡುವವರಿಗೆ, ನಮ್ಮಲ್ಲಿ ಬಹುಪಾಲು ಜನರ ಸ್ಥಿತಿ ಅದೇ, ಈ ದೂರು ಯಾವ 90ಕ್ಕಿಂತಲೂ ಬೆಲೆಬಾಳುವ ಮಾಹಿತಿ.

ಅಂಕದ ಹುಚ್ಚಿನಿಂದ ಏಟು ತಿನ್ನುವವರು ಕೊಳ್ಳುವವರು ಮಾತ್ರವಲ್ಲ. 2010ರ ‘ಫಾಲೌಟ್: ನ್ಯೂ ವೇಗಸ್’ ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಸಿಗಲಿಲ್ಲ. ಗುಟ್ಟಿನ ತೂಕದ ಸರಾಸರಿಯಲ್ಲಿ ಒಂದು ಅಂಕ ಕಡಿಮೆಯಾಯಿತೆಂದು ದುಡಿದವರ ಹಣ ತಪ್ಪುವುದು ಅನ್ಯಾಯ.

ರುಚಿಯ ಮಾತೂ ಇದೆ. ಟೊರೊಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆನ್ಬಾ’ ಎಂಬ ಪುಟ್ಟ ಆಟ 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ್ದು. ಆ ಮನೆಯ ಅಮ್ಮನಿಗೆ ಅವಳ ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ. ಬಿಟ್ಟುಹೋದದ್ದನ್ನು ಊಹಿಸಿ ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕೆಂಬುದೇ ಮೊದಲ ಒಗಟುಗಳಲ್ಲೊಂದು. ಇಡ್ಲಿ ಪಾತ್ರೆ ಕಂಡಿರದ ವಿಮರ್ಶಕನಿಗೆ ಅದು ಒಗಟು. ನಮ್ಮ ಮನೆಗಳಲ್ಲಿ ಬೆಳೆದವರ ಕೈ ತಾನಾಗಿ ತಟ್ಟೆಯನ್ನು ತಿರುಗಿಸುತ್ತದೆ. ಆಟ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಬೆಲೆಗೆ ಇದು ಚಿಕ್ಕದಾಯಿತು ಎಂದು ಹಲವರು ಅಂಕ ಕಳೆದರು. ಮಗ ತಾಯ್ನುಡಿಯಿಂದ ದೂರವಾಗುವುದನ್ನು ನೋಡುತ್ತ ಕೂತ ಆ ತಾಯಿಯ ಮುಂದೆ, ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಗಂಟೆಯ ಲೆಕ್ಕ ಹಾಕುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಕೊಳ್ಳುವ ಮುನ್ನ ನನ್ನ ಕ್ರಮ ಇಷ್ಟು. ನನ್ನ ಅಭಿರುಚಿಗೆ ಹತ್ತಿರವಿರುವ ಒಬ್ಬಿಬ್ಬರು ವಿಮರ್ಶಕರ ಬರಹವನ್ನು ಪೂರ್ತಿ ಓದುತ್ತೇನೆ, ಅವರು ಆಡಿದ ಯಂತ್ರ ಯಾವುದೆಂದು ಹುಡುಕುತ್ತೇನೆ. ಆಮೇಲೆ ಕಡಿಮೆ ಅಂಕ ಕೊಟ್ಟ ಒಂದು ವಿಮರ್ಶೆ. ಅದರಲ್ಲಿ ಹೇಳಿದ ಕುಂದು ನನಗೆ ಕುಂದೇ ಅಲ್ಲದಿದ್ದರೆ ಆಟ ನನ್ನದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಬಿಡುಗಡೆಯ ದಿನದವರೆಗೂ ಒಂದು ವಿಮರ್ಶೆಯೂ ಹೊರಬರದಿದ್ದರೆ ಕಾಯುತ್ತೇನೆ. ಪಿಸಿ ಆಟವಾದರೆ ಸ್ಟೀಮ್‌ನಲ್ಲಿ ಕಳೆದ 30 ದಿನಗಳ ಅಭಿಪ್ರಾಯಗಳನ್ನು ನೋಡಿ ಕೊಳ್ಳಬಹುದು. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳುವ ಅವಕಾಶವೂ ಇದೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಡೌನ್‌ಲೋಡ್ ಶುರುವಾದರೆ, ಆಟದಲ್ಲೇ ದೋಷವಿದ್ದ ಹೊರತು, ಆ ಅವಕಾಶ ಸಿಗುವುದಿಲ್ಲ. ಅಲ್ಲಿ ಕೊಳ್ಳುವವರು ಓದುವುದನ್ನೆಲ್ಲ ಮೊದಲೇ ಮುಗಿಸಿಕೊಳ್ಳಬೇಕು.