ಪಿಕ್ಚರ್ ಟ್ಯೂಬ್ ಇಲ್ಲದೆ ಬಾತುಕೋಳಿ ಬೀಳದು

ಹೋದ ಆಯುಧಪೂಜೆಗೆ ಅಟ್ಟ ಗುಡಿಸುವಾಗ ಹಳೇ ವಿಡಿಯೋ ಗೇಮ್ ಡಬ್ಬಿ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದು ಒಳಗೆ ನಾಲ್ಕೈದೇ ಆಟ ಇಟ್ಟಿರುತ್ತಿದ್ದರಲ್ಲ, ಅದೇ. ಎಲ್‌ಇಡಿ ಟಿವಿಗೆ ಜೋಡಿಸಿದೆ. ಪುಣ್ಯಕ್ಕೆ ಚಿತ್ರ ಬಂತು, ‘ಗ್ಯಾಲಕ್ಸಿಯನ್’ ಆಟವೂ ಬಂತು. ಆದರೆ ಬಾತುಕೋಳಿ ಹೊಡೆಯುವ ಆಟ ಹಾಕಿ, ಡಬ್ಬಿಯ ಜೊತೆಗಿದ್ದ ಆಟದ ಬಂದೂಕು ಹಿಡಿದು ಗುರಿಯಿಟ್ಟರೆ ಒಂದೂ ಬೀಳಲಿಲ್ಲ. ಪರದೆಗೆ ಮೂತಿ ತಾಗಿಸಿ ಹೊಡೆದರೂ ಇಲ್ಲ.

ಬಂದೂಕು ಕೆಟ್ಟಿರಲಿಲ್ಲ. ಅದರಿಂದ ಏನೂ ಹೊರಗೆ ಬರುವುದಿಲ್ಲ. ಅದು ನೋಡುತ್ತದೆ, ಅಷ್ಟೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿಯಿದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕು ನಳಿಗೆಯೊಳಗಿನ ಸಂವೇದಕಕ್ಕೆ ಬಿದ್ದರೆ ಗುರಿ ಸರಿ. ಹಳೇ ಡಬ್ಬಿ ಟಿವಿಯ ಗಾಜಿನ ಪಿಕ್ಚರ್ ಟ್ಯೂಬ್ ಆ ಕ್ಷಣಕ್ಕೇ ಬೆಳಗುತ್ತಿತ್ತು. ಈಗಿನ ಟಿವಿ ಚಿತ್ರವನ್ನು ಹಿಗ್ಗಿಸಿ, ತಿದ್ದಿ, ತೀಡಿ ತೋರಿಸುವಷ್ಟರಲ್ಲಿ ಬಂದೂಕಿನ ಪಾಲಿಗೆ ಹೊತ್ತು ಮೀರಿರುತ್ತದೆ.

ಹಳೇ ಆರ್ಕೇಡ್ ಆಟಗಳ, ಅಂದರೆ ಕಾಸು ಹಾಕಿ ಆಡುವ ಪೆಟ್ಟಿಗೆಯ ವಿಡಿಯೋ ಗೇಮ್‌ಗಳ ಬಗ್ಗೆ ಹಲುಬುವವರು ‘ಈಗ ಆಡಿದರೆ ಅದೇ ಥರ ಕಾಣಲ್ಲ’ ಎನ್ನುವುದುಂಟು. ವಯಸ್ಸಾಯಿತು ಬಿಡಿ ಎಂದು ನಾವು ನಗುತ್ತೇವೆ. ಅವರ ಮಾತಿನಲ್ಲಿ ಸತ್ಯವಿದೆ. ಆ ಚಿತ್ರಗಳು ಹುಟ್ಟಿದ್ದು ಒಂದು ಗಾಜಿನ ಟ್ಯೂಬಿಗಾಗಿ, ಅದರ ಬಡತನವನ್ನೂ ಅದರ ಬೆಳಕನ್ನೂ ನಂಬಿಕೊಂಡು.

1972ರಲ್ಲಿ ಅಮೆರಿಕದ ಅಟಾರಿ ಕಂಪನಿಗೆ ಅಲನ್ ಅಲ್ಕಾರ್ನ್ ‘ಪಾಂಗ್’ ಮಾಡಿಕೊಟ್ಟಾಗ ಅದರಲ್ಲಿ ಪ್ರೊಸೆಸರ್ರೇ ಇರಲಿಲ್ಲ. ಸಾಫ್ಟ್‌ವೇರೂ ಇಲ್ಲ. ಎರಡು ಗೆರೆ, ಒಂದು ಚೆಂಡು, ಎಲ್ಲವೂ ಬಿಡಿಬಿಡಿ ಚಿಪ್ಪುಗಳ ತಂತಿ ಜೋಡಣೆಯಿಂದ ಮೂಡಿದ್ದು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಬಾರಿನಲ್ಲಿ ಪ್ರಯೋಗಕ್ಕೆ ಇಟ್ಟಿದ್ದ ಪೆಟ್ಟಿಗೆ ಸ್ವಲ್ಪ ದಿನಕ್ಕೇ ಕೆಟ್ಟು ನಿಂತಿತು. ಬಿಚ್ಚಿ ನೋಡಿದರೆ ಕಾಸಿನ ಡಬ್ಬಿ ತುಂಬಿ ತುಳುಕುತ್ತಿತ್ತು.

ಬಣ್ಣ ಬಂದಿದ್ದು ಮೋಸದಿಂದ. 1976ರ ‘ಬ್ರೇಕ್‌ಔಟ್’ನಲ್ಲಿ ಇಟ್ಟಿಗೆಗಳ ಸಾಲಿಗೆ ಬಗೆಬಗೆಯ ಬಣ್ಣ ಕಾಣುತ್ತಿತ್ತಾದರೂ ಪರದೆ ಕಪ್ಪು ಬಿಳುಪಿನದೇ, ಅದರ ಮೇಲೆ ಬಣ್ಣದ ಜಿಲೇಟಿನ್ ಹಾಳೆಯ ಪಟ್ಟಿ ಅಂಟಿಸಿದ್ದರು. ನಮ್ಮ ಮನೆಗಳಲ್ಲೂ ಕಪ್ಪು ಬಿಳುಪು ಟಿವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ನೇತುಹಾಕಿ ‘ಕಲರ್ ಟಿವಿ’ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಉಪಾಯವನ್ನು ತುದಿಗೆ ಒಯ್ದದ್ದು ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ‘ಸ್ಪೇಸ್ ಇನ್ವೇಡರ್ಸ್’. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಹೊರತಂದ ನಿಂತು ಆಡುವ ಪೆಟ್ಟಿಗೆಯಲ್ಲಿ ಆಟಗಾರ ನೋಡುತ್ತಿದ್ದದ್ದು ಪರದೆಯನ್ನೇ ಅಲ್ಲ. ಪರದೆ ಕೆಳಗೆ ಅಡಗಿರುತ್ತಿತ್ತು. ಅದರ ಬಿಂಬ ಅರೆಪಾರದರ್ಶಕ ಕನ್ನಡಿಯಲ್ಲಿ ಮೂಡುತ್ತಿತ್ತು. ಕನ್ನಡಿಯ ಹಿಂದೆ ಚಂದ್ರನ ನೆಲದ ಚಿತ್ರ, ಅದಕ್ಕೆ ಬೇರೆ ದೀಪ. ಹಾಗಾಗಿ ಅನ್ಯಗ್ರಹದ ಜೀವಿಗಳು ಚಂದ್ರನ ಮುಂದೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು. ಇದರಲ್ಲಿ ಕಂಪ್ಯೂಟರಿನ ಪಾಲು ಅರ್ಧ, ಉಳಿದದ್ದು ನಾಟಕದ ಕಂಪನಿಯ ಸೀನರಿ ಕೆಲಸ!

ಆ ಆಟದ ಉಸಿರು ಬಿಗಿಹಿಡಿಸುವ ಗುಣವೂ ಬಡತನದ ಕೂಸೇ. ಐದು ಸಾಲು, ಸಾಲಿಗೆ ಹನ್ನೊಂದರಂತೆ 55 ಜೀವಿಗಳು. ಒಳಗಿನ ಇಂಟೆಲ್ 8080 ಪ್ರೊಸೆಸರ್ ಒಂದು ಸಲಕ್ಕೆ ಒಂದೇ ಜೀವಿಯನ್ನು ಸರಿಸುತ್ತಿತ್ತು. ಸೆಕೆಂಡಿಗೆ ಅಂಥ 60 ಸರದಿ. ಎಲ್ಲವೂ ಬದುಕಿದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡಲು ಹತ್ತಿರಹತ್ತಿರ ಒಂದು ಸೆಕೆಂಡು ಬೇಕು. ಹೊಡೆದುರುಳಿಸುತ್ತ ಬಂದಂತೆ ಸರಿಸಬೇಕಾದವು ಕಡಿಮೆಯಾಗಿ, ಉಳಿದವುಗಳ ನಡಿಗೆ ಚುರುಕಾಗುತ್ತದೆ. ಕೊನೆಯ ಒಂದು ಉಳಿದಾಗ ಅದು ಓಟ ಕೀಳುತ್ತದೆ. ನಿಶಿಕಾಡೊ ಇದನ್ನು ಸರಿಪಡಿಸಲಿಲ್ಲ, ಹಾಗೇ ಉಳಿಸಿಕೊಂಡರು. ಕುಶಲಕರ್ಮಿ ಅಂದರೆ ಇವರಪ್ಪಾ ಅನಿಸುವುದು ಇಲ್ಲೇ.

1979ರ ‘ಗ್ಯಾಲಕ್ಸಿಯನ್’ನೊಂದಿಗೆ ನಾಮ್ಕೊ ಕಂಪನಿ ನಿಜವಾದ ಬಣ್ಣದ ಬೊಂಬೆಗಳನ್ನು ಹಾರಿಸಿತು. ಮರುವರ್ಷ ಅದೇ ಕಂಪನಿಯ ತೊರು ಇವಾತಾನಿ ‘ಪ್ಯಾಕ್-ಮ್ಯಾನ್’ ತಂದರು. ಅದರ ಲೆಕ್ಕಾಚಾರ ಚೆಂದ. ಪರದೆಯಲ್ಲಿ 224 ಅಡ್ಡ, 288 ಉದ್ದ, ಒಟ್ಟು 64,512 ಚುಕ್ಕಿ. ಪ್ರತಿ ಚುಕ್ಕಿಗೆ ನಾಲ್ಕು ಬಣ್ಣದ ಆಯ್ಕೆ ಕೊಟ್ಟರೂ 16 ಕಿಲೋಬೈಟ್ ಬೇಕಾಗುತ್ತಿತ್ತು, ಮೆಮೊರಿಯೋ ಆಗ ದುಬಾರಿ. ಹಾಗಾಗಿ ಪರದೆಗೆ ಹೆಂಚು ಹಾಸಿದರು: ಎಂಟು ಚುಕ್ಕಿಗೆ ಎಂಟು ಚುಕ್ಕಿಯ ಒಂದೊಂದು ಹೆಂಚು, ಒಟ್ಟು 1,008. ಯಾವ ಜಾಗಕ್ಕೆ ಯಾವ ಹೆಂಚು, ಅದಕ್ಕೆ ಯಾವ ಬಣ್ಣ ಎಂದು ನೆನಪಿಟ್ಟರೆ ಮುಗಿಯಿತು, ಎರಡು ಕಿಲೋಬೈಟಿನಲ್ಲಿ ಇಡೀ ಚಕ್ರವ್ಯೂಹ. ಬಾಯಿಬಡುಕ ಹಳದಿ ಉಂಡೆ, ಹಿಂದೆ ಬೀಳುವ ನಾಲ್ಕು ದೆವ್ವ, ಇವು ಮಾತ್ರ ಹಾಸಿನ ಮೇಲೆ ಓಡಾಡುವ ಬಿಡಿ ಬೊಂಬೆಗಳು.

ಜಿಪುಣತನಕ್ಕೆ ದಂಡವೂ ಇತ್ತು. ಹಂತದ ಎಣಿಕೆಗೆ ಕೊಟ್ಟಿದ್ದು ಒಂದೇ ಬೈಟ್, ಅದರಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. 256ನೇ ಹಂತಕ್ಕೆ ಮುಟ್ಟಿದವನಿಗೆ ಲೆಕ್ಕ ತಪ್ಪಿ, ಕೆಳಗೆ ನಾಲ್ಕಾರು ಹಣ್ಣು ಬಿಡಿಸಬೇಕಾದ ಯಂತ್ರ 256 ಹಣ್ಣು ಬಿಡಿಸಲು ಹೊರಟು ಪರದೆಯ ಬಲ ಅರ್ಧ ಕಲಸುಮೇಲೋಗರ ಆಗುತ್ತದೆ.

ನಿಂಟೆಂಡೊದ ಶಿಗೆರು ಮಿಯಾಮೊಟೊ 1981ರ ‘ಡಾಂಕಿ ಕಾಂಗ್’ನ ನಾಯಕನಿಗೆ ಟೋಪಿ ಹಾಕಿದ್ದು ಅಷ್ಟು ಕೆಲವೇ ಚುಕ್ಕಿಗಳಲ್ಲಿ ಕೂದಲು ಬಿಡಿಸಲಾಗದೆ, ಮೀಸೆ ಇಟ್ಟಿದ್ದು ಬಾಯಿ ಬಿಡಿಸಲಾಗದೆ. ಆತನೇ ಮುಂದೆ ಮಾರಿಯೊ.

ಇಷ್ಟೂ ಆಟಗಳ ಪರದೆ ಮಗ್ಗದ ಹಾಗೆ. ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ, ಸಾಲಿನ ಮೇಲೆ ಸಾಲು ಲಾಳಿಯಂತೆ ಓಡಿ ಚಿತ್ರ ನೇಯುತ್ತದೆ. ಅದೇ ಹೊತ್ತಿಗೆ ಅಟಾರಿಯ ಕೆಲವರು ಮಗ್ಗ ಬಿಟ್ಟು ರಂಗೋಲಿಗೆ ಕೈಹಾಕಿದ್ದರು. 1979ರಲ್ಲಿ ಲೈಲ್ ರೇನ್ಸ್, ಎಡ್ ಲಾಗ್ ಸೇರಿ ರೂಪಿಸಿದ ‘ಆಸ್ಟರಾಯ್ಡ್ಸ್’ನಲ್ಲಿ ಕಿರಣ ಬೇಕಾದ ಕಡೆಗೆ ನೇರ ಹೋಗಿ ಎಳೆ ಎಳೆಯುತ್ತದೆ. ಚುಕ್ಕಿಯ ಹಂಗಿಲ್ಲ, ಮೆಟ್ಟಿಲು ಮೆಟ್ಟಿಲಾದ ಅಂಚಿಲ್ಲ. ಇದೇ ವೆಕ್ಟರ್ ಪರದೆ. ಕಪ್ಪು ಆಕಾಶದಲ್ಲಿ ಕೂದಲೆಳೆಯಷ್ಟು ತೆಳುವಾದ ಬಂಡೆಗಳು. ಗುಂಡು ಹಾರಿದಾಗ ಕಿರಣ ಒಂದೇ ಬಿಂದುವಿನ ಮೇಲೆ ಪೂರ್ತಿ ಬಲದಿಂದ ನಿಲ್ಲುವುದರಿಂದ ಅದು ಉಳಿದೆಲ್ಲಕ್ಕಿಂತ ಪ್ರಖರ, ಬಹುತೇಕ ಕಣ್ಣು ಕುಕ್ಕುವಷ್ಟು. ಹೋದ ದಾರಿಯಲ್ಲಿ ಗಾಜಿನ ಹಿಂದಿನ ಫಾಸ್ಫರ್ ಎಂಬ ಬೆಳಗುವ ಲೇಪ ಕ್ಷಣಕಾಲ ಮಿನುಗಿ ಆರುತ್ತದೆ. 1980ರ ‘ಬ್ಯಾಟಲ್‌ಝೋನ್’ ಇದೇ ಗೆರೆಗಳಲ್ಲಿ ಮೂರು ಆಯಾಮದ ರಣರಂಗ ಕಟ್ಟಿತು. 1981ರಲ್ಲಿ ಡೇವ್ ಥ್ಯುರರ್ ಮಾಡಿದ ‘ಟೆಂಪೆಸ್ಟ್’ ಗೆರೆಗಳಿಗೆ ಬಣ್ಣ ತಂದಿತು.

ವೆಕ್ಟರ್ ಬಹಳ ಕಾಲ ಬಾಳಲಿಲ್ಲ. ಬಣ್ಣದ ಮಾನಿಟರುಗಳು ಕಾದು ಕಾದು ಕೆಡುತ್ತಿದ್ದವು. ಗೆರೆಯಲ್ಲಿ ರೂಪರೇಖೆ ಬರುತ್ತದೆ, ಒಳಗೆ ಬಣ್ಣ ತುಂಬುವುದು ಆಗದು. ಅತ್ತ ಮೆಮೊರಿ ಅಗ್ಗವಾಗುತ್ತ ಬಂದು ಮಗ್ಗದ ಚಿತ್ರಗಳೇ ಸಮೃದ್ಧವಾದವು. 1983ರ ‘ಡ್ರ್ಯಾಗನ್ಸ್ ಲೇರ್’ ಲೇಸರ್ ಡಿಸ್ಕಿನಿಂದ ಕಾರ್ಟೂನ್ ಸಿನಿಮಾವನ್ನೇ ಓಡಿಸಿತು. ನೋಡಲು ಚೆಂದ, ಆಡಲು ಅಷ್ಟಕ್ಕಷ್ಟೆ ಎನ್ನುವುದು ನನ್ನ ಅಭಿಪ್ರಾಯ.

1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೊರಿಯಾ ‘ಮೇಮ್’ ಎಂಬ ಎಮ್ಯುಲೇಟರ್, ಅಂದರೆ ಹಳೇ ಆಟದ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್, ಹೊರತಂದ ಮೇಲೆ ಈ ಆಟಗಳ ಒಳಗಿನ ಕೋಡ್ ಉಳಿದುಕೊಂಡಿತು. ಕೋಡ್ ಉಳಿಯಿತು, ಗಾಜು ಉಳಿಯಲಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಚುಕ್ಕಿಯ ಅಂಚು ಪಕ್ಕದ್ದಕ್ಕೆ ಮೆಲ್ಲಗೆ ಹರಡಿ ಮಾರಿಯೊನ ಮುಖ ಮುಖದಂತೆ ಕಾಣುತ್ತಿತ್ತು. ಈಗಿನ ಪರದೆಯಲ್ಲಿ ಅದು ಚೌಕಗಳ ರಾಶಿ. ಅದಕ್ಕೇ ಎಮ್ಯುಲೇಟರುಗಳಲ್ಲಿ ಬೇಕೆಂದೇ ಚಿತ್ರವನ್ನು ಮಸುಕಾಗಿಸಿ, ಸಾಲುಗಳ ನಡುವೆ ಕಪ್ಪು ಗೆರೆ ಮೂಡಿಸುವ ಸೌಲಭ್ಯ ಇಡುತ್ತಾರೆ. ಕೋಟಿ ಲೆಕ್ಕಗಳನ್ನು ಮಾಡಿ ಹಳೇ ಟಿವಿಯ ಕೊರತೆಯನ್ನು ನಟಿಸುವ ಕೆಲಸ!

ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 2012ರಲ್ಲಿ ‘ಪ್ಯಾಕ್-ಮ್ಯಾನ್’ ಸೇರಿ 14 ಆಟಗಳನ್ನು ಸಂಗ್ರಹಕ್ಕೆ ತೆಗೆದುಕೊಂಡಿತು. ಮರುವರ್ಷ ‘ಆಸ್ಟರಾಯ್ಡ್ಸ್’ ಕೂಡ ಸೇರಿತು. ಮೊನ್ನೆ ಲ್ಯಾಪ್‌ಟಾಪಿನಲ್ಲಿ ಅದನ್ನೇ ಆಡಿದೆ. ಬಂಡೆಗಳಿದ್ದವು, ಹಡಗಿತ್ತು, ಎದೆಬಡಿತದಂಥ ಆ ಸದ್ದೂ ಇತ್ತು. ಗುಂಡು ಮಾತ್ರ ಬಂಡೆಯಷ್ಟೇ ಬಿಳಿ.